"ಇಎಂಐ ನಿಲ್ಲಿಸಿ, ನಮಗೆ ಕಟ್ಟಿ" ಅನ್ನುವವರ ಫೋನ್ ಬಂದರೆ ಒಪ್ಪಿಕೊಳ್ಳುವ ಮೊದಲು ಇದನ್ನು ಓದಿ

ಸಾಲದ ಕಂತು ಕಟ್ಟಲಾಗದೆ ಒದ್ದಾಡುತ್ತಿರುವವರಿಗೆ ಈಗ ಇನ್ನೊಂದು ಥರದ ಫೋನ್ ಬರುತ್ತಿದೆ. ಸಾಲ ಕೊಡುತ್ತೇವೆ ಅಂತ ಅಲ್ಲ, ಸಾಲ ತೀರಿಸಿಕೊಡುತ್ತೇವೆ ಅಂತ. "ನಿಮ್ಮ ಸಾಲ ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ ಮೇಡಂ, ಇವತ್ತಿನಿಂದ ಯಾವ ಇಎಂಐನೂ ಕಟ್ಟಬೇಡಿ, ನಮ್ಮ ಪ್ಲಾನಿಗೆ ತಿಂಗಳಿಗೆ ಇಷ್ಟು ಹಾಕಿದರೆ ಸಾಕು." ಮಾತು ಬಹಳ ನಯ. ರಿಕವರಿಯವರು ದಿನಾ ಗದರಿಸುತ್ತಿರುವಾಗ ಯಾರೋ ಒಬ್ಬರು ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಿದರೆ ಯಾರಿಗಾದರೂ ಹೋದ ಜೀವ ಬಂದ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಇದರಿಂದ ಏನಾಯಿತು ಅಂತ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ದೂರು ನಡೆಯುತ್ತಿರುವುದರಿಂದ ಕಂಪನಿ ಹೆಸರು ಹಾಕುವುದಿಲ್ಲ. ಹೆಸರು ಯಾವುದಾದರೇನು, ಇಂಥವರ ವರಸೆ ಗೊತ್ತಿದ್ದರೆ ಸಾಕು.

ನಮ್ಮದು ತುಮಕೂರು. ಯಜಮಾನರು ಫ್ಯಾಕ್ಟರಿ ಕೆಲಸದಲ್ಲಿದ್ದಾರೆ, ಕೈಗೆ ಬರುವುದು 23,500. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಸರಾಸರಿ 4,000 ಸಿಗುತ್ತದೆ, ಮದುವೆ ಸೀಸನ್ನಿನಲ್ಲಿ ಜಾಸ್ತಿ, ಆಷಾಢದಲ್ಲಿ ಕೇಳಲೇಬೇಡಿ. ಗೃಹಲಕ್ಷ್ಮಿ 2,000, ಬಂದ ತಿಂಗಳು ಬಂತು. ಎಲ್ಲ ಸರಿಯಾಗಿ ಬಂದರೆ 29,500. ಅದರಲ್ಲಿ ಅತ್ತೆಯ ಆಪರೇಷನ್ನಿಗೆ ತೆಗೆದ ಪರ್ಸನಲ್ ಲೋನಿನ ಕಂತು 7,150, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಕಂತು ಮಾಡಿಸಿಕೊಂಡಿದ್ದು 4,300, ಹೊಲಿಗೆ ಮೆಷಿನ್ ಮತ್ತು ಫ್ರಿಜ್ ಸಾಲ 2,450. ಒಟ್ಟು 13,900. ಉಳಿದದ್ದು 15,600. ಬಾಡಿಗೆ 6,500, ರೇಷನ್-ತರಕಾರಿ-ಹಾಲಿಗೆ 6,000, ಮಗಳ ಸ್ಕೂಲ್ ವ್ಯಾನು ಮತ್ತು ಫೀಸಿಗೆ ಎತ್ತಿಡುವುದು 2,200, ಅತ್ತೆಯ ಬಿಪಿ-ಶುಗರ್ ಮಾತ್ರೆ ಜನೌಷಧಿಯಲ್ಲಿ ತಂದರೂ 900. ಅಲ್ಲಿಗೆ ಸೊನ್ನೆ. ಕರೆಂಟು ಗೃಹಜ್ಯೋತಿಯಲ್ಲಿ, ನನ್ನ ಬಸ್ಸು ಶಕ್ತಿಯಲ್ಲಿ ಹೋಗುತ್ತದೆ, ಪುಣ್ಯ. ಗ್ಯಾಸ್, ಪೆಟ್ರೋಲ್, ರೀಚಾರ್ಜಿಗೆಲ್ಲ ಯಜಮಾನರ ಓಟಿ (ಓವರ್‌ಟೈಮ್) ದುಡ್ಡೇ ಗತಿ. ಫ್ಯಾಕ್ಟರಿಯಲ್ಲಿ ಆರ್ಡರ್ ಕಮ್ಮಿಯಾಗಿ ಓಟಿ ನಿಂತಿತು, ಕಂತು ಹಿಂದೆ ಬೀಳಲು ಶುರುವಾಯಿತು. ಆ ಫೋನ್ ಬಂದಿದ್ದು ಆಗಲೇ.

ಅವರ ಪ್ಲಾನ್ ಹೀಗಿತ್ತು. 13,900 ಬಿಟ್ಟುಬಿಡಿ, 7,000 ಕಟ್ಟಿ. ಆ 7,000 ಎಲ್ಲಿಗೆ ಹೋಗುತ್ತದೆ ಅಂತ ಫೋನಿನಲ್ಲಿ ಬಾಯಿ ಬಿಡಲಿಲ್ಲ. ಒಪ್ಪಂದ ಇಂಗ್ಲಿಷಿನಲ್ಲಿ ಮೊಬೈಲಿಗೆ ಬಂತು, ಓಟಿಪಿ ಹಾಕಿದರೆ ಸಹಿ ಮಾಡಿದ ಹಾಗೆ. ಆಮೇಲೆ ನಮ್ಮ ಪಕ್ಕದ ಮನೆಯ ಹುಡುಗ ಕೂತು ಓದಿ ಹೇಳಿದ್ದು ಏನೆಂದರೆ, ತಿಂಗಳಿಗೆ ಸೇವಾ ಶುಲ್ಕ 3,500, ಅದರ ಮೇಲೆ ಜಿಎಸ್‌ಟಿ 630. ಅಂದರೆ 4,130 ಅವರ ಜೇಬಿಗೆ. ನಮ್ಮ ಹೆಸರಿನ 'ಸೆಟಲ್‌ಮೆಂಟ್ ನಿಧಿ'ಗೆ ಬೀಳುವುದು ಬರೀ 2,870. ಸಾಲ ಸೆಟಲ್ ಆದಾಗ ಆ ಮೊತ್ತದ ಮೇಲೆ ಮತ್ತೆ 15 ಪರ್ಸೆಂಟ್. ಕೆಲಸ ಆಗಲಿ ಬಿಡಲಿ ಶುಲ್ಕ ವಾಪಸ್ ಇಲ್ಲ ಅನ್ನುವುದು ಕೊನೆಯ ಕಡೆ ಎಲ್ಲೋ ಸಣ್ಣ ಅಕ್ಷರದಲ್ಲಿ.

ಈಗ ಒಂದು ಲೆಕ್ಕ ಹಾಕಿ ನೋಡಿ. ಪರ್ಸನಲ್ ಲೋನ್ ಬಾಕಿ 1,85,000. ಅವರು ಹೇಳಿದ ಹಾಗೆ ಅರ್ಧಕ್ಕೇ ಮುಗಿಯುತ್ತದೆ ಅಂತಿಟ್ಟುಕೊಂಡರೂ 92,500 ಬೇಕು. ತಿಂಗಳಿಗೆ 2,870ರಂತೆ ಅಷ್ಟು ಕೂಡಲು 32 ತಿಂಗಳು ದಾಟುತ್ತದೆ. ಅಷ್ಟರಲ್ಲಿ ಕಂಪನಿಗೆ ಕಟ್ಟಿದ ಶುಲ್ಕವೇ 1,32,000 ಆಗಿರುತ್ತದೆ! ಇನ್ನು ಕಾರ್ಡು, ಮೆಷಿನ್ ಸಾಲದ ಮಾತು ಎತ್ತಿಯೇ ಇಲ್ಲ. ಅಲ್ಲಿಯವರೆಗೆ ಸಾಲ ಕೊಟ್ಟವರು ಕೈ ಕಟ್ಟಿಕೊಂಡು ಕೂತಿರುತ್ತಾರಾ?

ಕೂತಿರುವುದಿಲ್ಲ. ಇಎಂಐ ನಿಲ್ಲಿಸಿ ಅನ್ನುವುದು ಸುಲಭ, ಆದರೆ ಅಕೌಂಟಿನ ಮೇಲೆ ಆಟೋ ಡೆಬಿಟ್ ಮ್ಯಾಂಡೇಟ್, ಅಂದರೆ ಕಂತು ತಾನಾಗಿಯೇ ಕಡಿತ ಆಗಲಿ ಅಂತ ನಾವು ಮೊದಲೇ ಕೊಟ್ಟ ಒಪ್ಪಿಗೆ, ಇರುತ್ತದಲ್ವಾ. ಕಂತಿನ ದಿನ ದುಡ್ಡಿಲ್ಲದಿದ್ದರೆ ಬೌನ್ಸ್. ಸಾಲ ಕೊಟ್ಟವರು ಒಂದು ಬೌನ್ಸ್ ಚಾರ್ಜ್ ಹಾಕುತ್ತಾರೆ, ನಮ್ಮ ಬ್ಯಾಂಕಿನವರು ಇನ್ನೊಂದು. ನನ್ನ ಬ್ಯಾಂಕಿನಲ್ಲಿ ಒಂದು ಸಲಕ್ಕೆ ಜಿಎಸ್‌ಟಿ ಸೇರಿ 590. ಯಜಮಾನರ ಸಂಬಳವನ್ನು ಬೇರೆ ಅಕೌಂಟಿಗೆ ಹಾಕಿಸಿಕೊಳ್ಳಿ ಅಂತ ಕಂಪನಿಯವರು ಹೇಳಿಕೊಟ್ಟರು, ಸರಿ. ಆದರೆ ಮೆಷಿನ್ ಸಾಲ ನನ್ನ ಹೆಸರಿನಲ್ಲಿತ್ತು, ಮ್ಯಾಂಡೇಟ್ ಇದ್ದದ್ದು ನನ್ನ ಅಕೌಂಟಿನ ಮೇಲೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ನಾನೇ ಆದ್ದರಿಂದ ಗೃಹಲಕ್ಷ್ಮಿ ಬರುವುದೂ ಅದೇ ಅಕೌಂಟಿಗೆ. ಅದರ ಬಗ್ಗೆ ಒಂದು ಮಾತಿಲ್ಲ. 2,000 ಜಮಾ ಆಯಿತು ಅಂತ ಮೆಸೇಜ್ ಬಂತು. ಅದರ ಬೆನ್ನಿಗೇ ಇನ್ನೆರಡು ಮೆಸೇಜ್, 590 ಕಡಿತ, 590 ಕಡಿತ, ಹಿಂದಿನ ಬೌನ್ಸ್‌ಗಳ ಬಾಕಿ. ಉಳಿದದ್ದು 820. ಅತ್ತೆಯ ಮಾತ್ರೆಗೇ 80 ರೂಪಾಯಿ ಕಮ್ಮಿ ಬಿತ್ತು.

ಇನ್ನೊಂದು ವಿಷಯ. ಮ್ಯಾಂಡೇಟ್ ಬೌನ್ಸ್ ಆದರೆ ಚೆಕ್ ಬೌನ್ಸ್ ಥರವೇ ಕ್ರಿಮಿನಲ್ ಕೇಸ್ ಹಾಕಲು 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಇದು ನಮಗೆ ಗೊತ್ತಾಗಿದ್ದು ಕಂಪನಿಯ 'ಲೀಗಲ್ ಟೀಂ'ನಿಂದ ಅಲ್ಲ, ಮನೆಗೆ ಬಂದ ನೋಟಿಸಿನಿಂದ.

ಇಷ್ಟೆಲ್ಲ ಆದರೂ ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಸೇರಿದ ಕೂಡಲೇ ಕಂಪನಿಯವರು ಯಜಮಾನರ ಹೆಸರಿನಲ್ಲಿ ಒಂದು ಹೊಸ ಮೇಲ್ ಐಡಿ ಮಾಡಿ, ಸಾಲ ಕೊಟ್ಟವರ ಹತ್ತಿರ ಅದನ್ನೇ ದಾಖಲು ಮಾಡಿಸಿದರು. ಪಾಸ್‌ವರ್ಡ್ ಅವರ ಬಳಿ. ಫೋನಿಗೆ ಕಾಲ್ ಫಾರ್ವರ್ಡ್ ಹಾಕಿಸಿದರು, ಬರುವ ಕರೆಯೆಲ್ಲ ಅವರಿಗೇ ಹೋಗಲಿ, ನಿಮಗೆ ಕಿರುಕುಳ ಬೇಡ ಅಂತ. ಫೋನ್ ರಿಂಗಾಗದ ಆ ದಿನಗಳಲ್ಲಿ ಮನೆಯಲ್ಲಿ ನೆಮ್ಮದಿ ಇದ್ದದ್ದು ನಿಜ. ಆದರೆ ಆ ಹೊತ್ತಿನಲ್ಲೇ ಪರ್ಸನಲ್ ಲೋನ್ ಕೊಟ್ಟವರು ಆ ಮೇಲ್‌ಗೆ ಒಂದು ಆಫರ್ ಕಳಿಸಿದ್ದರು. ಬಾಕಿಯನ್ನು 5 ವರ್ಷಕ್ಕೆ ಹಂಚುತ್ತೇವೆ, ಕಂತು 7,150ರ ಬದಲು 4,700 ಆಗುತ್ತದೆ, ಇಂಥ ತಾರೀಕಿನೊಳಗೆ ಬಂದು ಒಪ್ಪಿಗೆ ಕೊಡಿ ಅಂತ. ನಮಗೆ ಬೇಕಾಗಿದ್ದು ಅಷ್ಟೇ! ಉಳಿದಿದ್ದ 33 ಕಂತುಗಳ ಜೊತೆ ಹೋಲಿಸಿದರೆ ಒಟ್ಟು 46,000ದಷ್ಟು ಜಾಸ್ತಿ ಕಟ್ಟಬೇಕಾಗುತ್ತಿತ್ತು, ಆದರೂ ಮನೆ ನಡೆಯುತ್ತಿತ್ತು. ಆ ಮೇಲ್‌ಗೆ ಯಾರೂ ಉತ್ತರ ಕೊಡಲಿಲ್ಲ. ನಮಗೆ ತಿಳಿಸಲೂ ಇಲ್ಲ. ರಿಕವರಿಯವರು ಬಾಗಿಲಿಗೆ ಬಂದು "ಆಫರ್ ಕಳಿಸಿದ್ದೆವಲ್ಲಮ್ಮ, ಯಾಕೆ ಸುಮ್ಮನಿದ್ದಿರಿ" ಅಂದಾಗಲೇ ಗೊತ್ತಾಗಿದ್ದು.

ಯಾಕೆ ತಿಳಿಸಲಿಲ್ಲ ಅಂದರೆ, ಕಂತು ಕಮ್ಮಿಯಾಗಿ ನಾವು ನಿಯತ್ತಾಗಿ ಕಟ್ಟಲು ಶುರು ಮಾಡಿದರೆ ಕಂಪನಿಯವರಿಗೆ ಸಿಗುವುದೇನು? ಅವರ 15 ಪರ್ಸೆಂಟ್ ಬರಬೇಕಾದರೆ ಸಾಲ ಕೆಡಬೇಕು. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ, ಸೆಟಲ್‌ಮೆಂಟ್ ಮಾತು ಶುರುವಾಗುವುದು ಹೆಚ್ಚಾಗಿ ಆಮೇಲೇ. ನಮ್ಮಂಥವರಿಗೆ ಉಪಯೋಗ ಇರುವುದು ಅದಕ್ಕೆ ಮೊದಲಿನ ಸಮಯದಲ್ಲಿ. ಆಗ ಬ್ರ್ಯಾಂಚಿಗೆ ಹೋಗಿ ಕೂತರೆ ಅವಧಿ ಹೆಚ್ಚಿಸಿ ಕಂತು ಇಳಿಸುವ ದಾರಿ ಇನ್ನೂ ತೆರೆದಿರುತ್ತದೆ. ಅದಕ್ಕೆ ಯಾವ ಕಂಪನಿಯೂ ಬೇಕಿಲ್ಲ, ಸಂಬಳದ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು, ಒಂದು ಅರ್ಜಿ ಸಾಕು. 'ಇಎಂಐ ಕಟ್ಟಬೇಡಿ' ಅನ್ನುವವರು ಆ ಸಮಯವನ್ನೇ ತಿಂದುಹಾಕುತ್ತಾರೆ.

ಸೆಟಲ್ ಆಗಿಯೇ ಬಿಟ್ಟಿತು ಅಂದುಕೊಳ್ಳಿ. ಸಿಬಿಲ್‌ನಲ್ಲಿ, ಅಂದರೆ ನಾವು ಸಾಲ ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆಯಲ್ಲಿ, 'ಕ್ಲೋಸ್ಡ್' (ಪೂರ್ತಿ ತೀರಿತು) ಅಂತ ಬರುವುದಿಲ್ಲ, 'ಸೆಟಲ್ಡ್' (ಕಮ್ಮಿಗೆ ಮುಗಿಸಿದ್ದು) ಅಂತ ಬರುತ್ತದೆ, ವರ್ಷಗಟ್ಟಲೆ ಇರುತ್ತದೆ. 2023ರ ಜೂನ್‌ನ ಆರ್‌ಬಿಐ ನಿಯಮದ ಪ್ರಕಾರ, ಹಾಗೆ ಸೆಟಲ್ ಮಾಡಿಕೊಂಡವರಿಗೆ ಆ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ (ಕೃಷಿ ಸಾಲಕ್ಕೆ ಬೇರೆ ನಿಯಮ). ನಾಳೆ ಮತ್ತೆ ಆಸ್ಪತ್ರೆ ಖರ್ಚು ಬಂದರೆ ಮೀಟರ್ ಬಡ್ಡಿಯವರ ಹತ್ತಿರವೇ ಹೋಗಬೇಕು.

ಕಂಪನಿಯವರು ಹೇಳಿದ ಇನ್ನೊಂದು ಮಾತು, "ಸರ್ಕಾರ ಸುಗ್ರೀವಾಜ್ಞೆ ತಂದಿದೆ ಮೇಡಂ, ಇನ್ನು ಯಾರೂ ನಿಮ್ಮ ಮನೆಗೆ ಬರುವಂತಿಲ್ಲ" ಅಂತ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದದ್ದು ನಿಜ. ಅದು ಮೈಕ್ರೋಫೈನಾನ್ಸ್ ಮತ್ತು ಸಣ್ಣ ಸಾಲ ಪಡೆದವರ ಮೇಲಿನ ದೌರ್ಜನ್ಯ ತಡೆಯಲು. ಬ್ಯಾಂಕಿನ ಸಾಲ ಕಟ್ಟಬೇಕಾಗಿಲ್ಲ ಅಂತ ಅದರಲ್ಲಿ ಎಲ್ಲೂ ಇಲ್ಲ. ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ಆರ್‌ಬಿಐ ನಿಯಮ ಅದಕ್ಕೂ ಮೊದಲೇ ಇದೆ, ಮೈಕ್ರೋಫೈನಾನ್ಸ್ ಆದರೆ 9ರಿಂದ 6. ಬೈದರೆ, ಹೆದರಿಸಿದರೆ ಮೊದಲು ಸಾಲ ಕೊಟ್ಟವರಿಗೇ ದೂರು ಬರೆಯಿರಿ. 30 ದಿನದಲ್ಲಿ ಸರಿಹೋಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಕಂಪನಿಯವರು ನಮ್ಮಿಂದ ತಿಂಗಳಿಗೆ 4,130 ಕಿತ್ತುಕೊಂಡಿದ್ದು ಇದೇ 'ರಕ್ಷಣೆ'ಗೆ.

ಈಗ ನಮ್ಮ ಪರಿಸ್ಥಿತಿ ಹೇಳುತ್ತೇನೆ. ಪರ್ಸನಲ್ ಲೋನಿಗೆ ನಾವೇ ಹೋಗಿ ಕೂತು ಮಾತಾಡಿದೆವು. 4,700ರ ಆಫರ್ ಮುಗಿದಿತ್ತು. ಬಾಕಿ, ಚಾರ್ಜು ಎಲ್ಲ ಸೇರಿ 5,200ಕ್ಕೆ ಒಪ್ಪಿದರು, ಅವಧಿ ಅಷ್ಟೇ, 60 ತಿಂಗಳು. ನೋಡದೆ ಬಿಟ್ಟ ಆ ಒಂದು ಮೇಲ್‌ನ ಬೆಲೆ 30,000. ಕಾರ್ಡಿನ 78,000 ಬಾಕಿಯ ವಿಷಯ ಲೋಕ್ ಅದಾಲತ್‌ಗೆ ಹೋಯಿತು. ಅಲ್ಲಿ ಯಜಮಾನರು ಮರ್ಯಾದೆಗೆ ಅಂಜಿ "ಐದು ಸಾವಿರ ಕಟ್ತೀವಿ ಸರ್" ಅನ್ನಲು ಹೊರಟಿದ್ದರು, ನಾನು ಮೊಣಕೈ ತಿವಿದು ಖರ್ಚಿನ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಬಾಡಿಗೆ, ಹಾಲು, ವ್ಯಾನು, ಮಾತ್ರೆ, ತಾರೀಕು ಸಮೇತ. ಬ್ಯಾಂಕಿನವರು ಪುಟ ತಿರುವಿ ನೋಡಿದರು. ಕೊನೆಗೆ ಒಪ್ಪಿದ್ದು 60,000ಕ್ಕೆ, ತಿಂಗಳಿಗೆ 3,000ದಂತೆ 20 ಕಂತು. ಇದು ಮಾತ್ರ ನೆನಪಿರಲಿ, ಅದಾಲತ್‌ನಲ್ಲಿ ಒಪ್ಪಿಕೊಂಡದ್ದು ಕೋರ್ಟಿನ ಡಿಕ್ರಿಗೆ (ತೀರ್ಪಿಗೆ) ಸಮ, ಮೇಲ್ಮನವಿ ಇಲ್ಲ. ಕೈಲಾಗುವುದಕ್ಕಿಂತ ಒಂದು ರೂಪಾಯಿ ಜಾಸ್ತಿ ಹೇಳಬೇಡಿ. ಈಗ ಮೂರೂ ಸೇರಿ ಕಂತು 10,650. ಮೊದಲಿಗಿಂತ 3,250 ಕಮ್ಮಿ. ಗ್ಯಾಸು, ಪೆಟ್ರೋಲು, ರೀಚಾರ್ಜು ಅದರಲ್ಲಿ ಮುಗಿಯುತ್ತದೆ, ಓಟಿ ಬಂದರೆ ಫೀಸಿಗೆ.

ಕಂಪನಿಯ ಮೇಲೆ ಆರ್‌ಬಿಐಗೆ ದೂರು ಕೊಟ್ಟು ಪ್ರಯೋಜನವಿಲ್ಲ, ಅದು ಬ್ಯಾಂಕೂ ಅಲ್ಲ, ಫೈನಾನ್ಸೂ ಅಲ್ಲ. 1915, ಅಂದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಯಿಂದ ಶುರು ಮಾಡಿ ಈಗ ಜಿಲ್ಲಾ ಗ್ರಾಹಕರ ಆಯೋಗದಲ್ಲಿದ್ದೇವೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ.

ಈಗಾಗಲೇ ಇಂಥ ಪ್ಲಾನಿಗೆ ಸೇರಿದ್ದರೆ ಮೊದಲು ಮೊಬೈಲಿನಲ್ಲಿ ##002# ಒತ್ತಿ ಕಾಲ್ ಮಾಡಿ, ಫಾರ್ವರ್ಡ್ ಎಲ್ಲ ಹೋಗುತ್ತದೆ. ಅವರಿಗೆ ಹೋಗುವ ಆಟೋ ಪೇ ಅನ್ನು ಯುಪಿಐ ಆ್ಯಪ್‌ನಲ್ಲೇ ರದ್ದು ಮಾಡಿ. ಆಮೇಲೆ ಸಾಲ ಕೊಟ್ಟವರ ಬ್ರ್ಯಾಂಚಿಗೆ ಹೋಗಿ, ನನ್ನ ಪರವಾಗಿ ಇನ್ನು ಯಾರೂ ಮಾತಾಡುವಂತಿಲ್ಲ, ನನ್ನ ಮೇಲ್ ಐಡಿ, ಫೋನ್ ನಂಬರ್ ಇದು ಅಂತ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಈ ಹಿಂದೆ ಏನೇನು ಪತ್ರ ಕಳಿಸಿದ್ದೀರಿ, ಎಲ್ಲದರ ಪ್ರಿಂಟ್ ಕೊಡಿ ಅಂತ ಅಲ್ಲೇ ಕೇಳಿ. ನಮಗೆ ಬಂದ ಥರದ ಯಾವುದಾದರೂ ಆಫರ್ ಬಂದಿದ್ದರೆ ಅದರ ತಾರೀಕು ಇನ್ನೂ ಮುಗಿಯದೇ ಇರಬಹುದು.