ಬೂರ್ ದ್ವಾಜಾನ್ ಕಣಿವೆಯ ಆ ‘ಶಾಂತ’ ರಸ್ತೆಗೆ ರೋಡ್ ಸೈಕಲ್ ತಗೊಂಡು ಹೋಗಬೇಡಿ

ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿದೆ. ಇದನ್ನೆಲ್ಲ ಬಲಗೈ ಒಂದರಲ್ಲೇ ಕುಟ್ಟುತ್ತಿದ್ದೇನೆ, ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಫ್ರಾನ್ಸಿನ ಆಲ್ಪ್ಸ್ ಕಡೆ ಸೈಕಲ್ ಹೊಡೆಯಲು ಹೊರಟಿರುವ ನಮ್ಮವರು ಯಾರಾದರೂ ಇದ್ದರೆ, ಅಂಗಡಿಯಲ್ಲಿ ಬಾಡಿಗೆ ಸೈಕಲ್ ಹತ್ತುವ ಮುಂಚೆ ಇದನ್ನೊಮ್ಮೆ ಓದಿ.

ಕೆಲಸದ ಮೇಲೆ ಕೆಲವು ತಿಂಗಳು ಗ್ರೆನೋಬ್ಲ್‌ನಲ್ಲಿದ್ದೆ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ರೊಮಾಂಶ್ ನದಿಯ ಕಣಿವೆಯಿದೆ. ಅದರಲ್ಲಿ ಬೂರ್ ದ್ವಾಜಾನ್ ಅಂತ ಒಂದು ಊರು. ಸೈಕಲ್ ಹುಚ್ಚಿದ್ದವರಿಗೆ ಈ ಹೆಸರು ಗೊತ್ತೇ ಇರುತ್ತದೆ. 21 ತಿರುವಿನ ಆಲ್ಪ್ ದ್ಯುಯೆಜ್ ಏರು ಶುರುವಾಗುವುದೇ ಇಲ್ಲಿಂದ. ಬೇಸಿಗೆಯಲ್ಲಿ ಆ ಏರಿನ ಮೇಲೆ ಸೈಕಲ್, ಕಾರು, ಬೈಕು ಎಲ್ಲವೂ ಜಾತ್ರೆಯ ಹಾಗೆ. ಕಣಿವೆಯ ಮುಖ್ಯ ರಸ್ತೆ ಡಿ1091ರಲ್ಲಂತೂ ಲಾರಿಗಳು ಮೊಣಕೈ ಸವರಿಕೊಂಡೇ ಹೋಗುತ್ತವೆ. ನನಗೂ ಜೊತೆಗಿದ್ದ ಗೆಳೆಯನಿಗೂ ಅದು ಬೇಡವಾಗಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಹೊಗೆ ಕುಡಿದವರಿಗೆ ಬೇಕಾಗಿದ್ದು ಹಕ್ಕಿ ಕೂಗು ಕೇಳುವಂಥ ಒಂದು ರಸ್ತೆ, ಅಷ್ಟೇ.

ಸೈಕಲ್ ದಾರಿ ತೋರಿಸುವ ಆಪ್‌ನಲ್ಲಿ ‘ಕಡಿಮೆ ಸಂಚಾರದ ರಸ್ತೆ’ ಅಂತ ಒತ್ತಿದೆ. ಚಂದದ ಒಂದು ಸುತ್ತು ತೋರಿಸಿತು. ಬೂರ್ ದ್ವಾಜಾನ್‌ನಿಂದ ಬೆಟ್ಟದ ಮೇಲಿನ ವಿಲಾರ್ ನೋತ್ರ್ ದಾಮ್ ಹಳ್ಳಿಗೆ ಏರುವುದು. ಅಲ್ಲಿಂದ ಕೋಲ್ ದು ಸೊಲ್ಯೂದ್ ಎಂಬ ಘಾಟಿ (‘ಕೋಲ್’ ಅಂದರೆ ಬೆಟ್ಟಗಳ ನಡುವೆ ದಾಟುವ ಜಾಗ) ದಾಟಿ ವಿಲಾರ್ ರೇಮೋಂ ಹಳ್ಳಿ. ಅಲ್ಲಿಂದ ಇಳಿದರೆ ಕೋಲ್ ದೋರ್ನೋಂ ರಸ್ತೆ, ಮತ್ತೆ ವಾಪಸ್ ಊರಿಗೆ. ಸರಾಸರಿ ಏರು ನೋಡಿದೆ, ತೀರಾ ಕಡಿಮೆ ಇತ್ತು. ಸುತ್ತು ಹೊಡೆದು ಹೊರಟಲ್ಲಿಗೇ ಬಂದರೆ ಏರಿದ್ದಷ್ಟನ್ನೂ ಇಳಿದಿರುತ್ತೇವೆ, ಆ ಸರಾಸರಿಗೆ ಮೂರು ಕಾಸಿನ ಬೆಲೆಯಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಊರು ಇರುವುದು 720 ಮೀಟರ್ ಎತ್ತರದಲ್ಲಿ, ಮೇಲಿನ ಹಳ್ಳಿ 1500 ದಾಟಿದೆ. ಅಂದರೆ ಎಂಟೊಂಬತ್ತು ಕಿಲೋಮೀಟರಿಗೆ ಹತ್ತಿರ ಹತ್ತಿರ 800 ಮೀಟರ್ ಏರು. ನಂದಿ ಬೆಟ್ಟ ಹತ್ತಿದವನು ನಾನು ಅನ್ನುವ ಜಂಬ ಮೂರನೇ ಕಿಲೋಮೀಟರಿಗೇ ಇಳಿದುಹೋಯಿತು.

ಆದರೆ ತೊಂದರೆ ಕೊಟ್ಟಿದ್ದು ಏರಲ್ಲ.

ರಸ್ತೆ ಶುರುವಾಗುವಲ್ಲಿ ಒಂದು ಹಳದಿ ಬೋರ್ಡಿತ್ತು. ನನಗೆ ಬರುವ ಫ್ರೆಂಚು ಬ್ರೆಡ್ಡು ಕೊಳ್ಳುವಷ್ಟು. ನಾನು ಓದಿಕೊಂಡಿದ್ದು ‘ಚೂಟ್ ಡಿ ಪಿಯರ್ಸ್’ ಅಂತ. ಪಿಯರ್ಸ್ ಅಂದರೆ ನಮಗೆ ಸೋಪು, ಅಲ್ವಾ? ಗೆಳೆಯನಿಗೂ ಅದನ್ನೇ ಹೇಳಿ ನಕ್ಕೆ. ಅದನ್ನು ‘ಶ್ಯೂತ್ ದ ಪಿಯೇರ್’ ಅಂತ ಓದಬೇಕು, ಅರ್ಥ ‘ಕಲ್ಲು ಬೀಳುತ್ತದೆ’. ಅದು ನಾಮಕಾವಾಸ್ತೆ ಹಾಕಿದ ಬೋರ್ಡಲ್ಲ. ಈ ಕಣಿವೆಯ ನೆಲ ತಟ್ಟೆಯ ಹಾಗೆ ಚಪ್ಪಟೆಯಾಗಿರುವುದರಲ್ಲೂ ಗುಡ್ಡ ಜಾರಿದ ಕತೆಯಿದೆ. 1191ರಲ್ಲಿ ಗುಡ್ಡದ ಮಣ್ಣು ಕಲ್ಲು ನದಿಗೆ ಅಡ್ಡ ಬಿದ್ದು ಇಡೀ ಬಯಲು ಕೆರೆಯಾಗಿತ್ತು. 1219ರ ಸೆಪ್ಟೆಂಬರಿನ ಒಂದು ರಾತ್ರಿ ಆ ಒಡ್ಡು ಒಡೆದು ಗ್ರೆನೋಬ್ಲ್ ಮುಳುಗಿತು. ಹಳೇ ಕತೆ ಅನ್ನಬೇಡಿ. 2015ರ ಏಪ್ರಿಲ್‌ನಲ್ಲಿ ಇದೇ ಕಣಿವೆಯ ಮೇಲ್ಭಾಗದಲ್ಲಿ ಗುಡ್ಡ ಜರುಗಿ, ಶಾಂಬೋಂ ಅಣೆಕಟ್ಟಿನ ಪಕ್ಕದ ಹೆದ್ದಾರಿ ಸುರಂಗವನ್ನೇ ಮುಚ್ಚಬೇಕಾಯಿತು. ಆಚೆಯ ಹಳ್ಳಿಯವರು ಕೆಲಸಕ್ಕೆ ಹೋಗಲು ದೋಣಿ ಹತ್ತುತ್ತಿದ್ದರು. ಇದೆಲ್ಲ ನನಗೆ ತಿಳಿದಿದ್ದು ಆಸ್ಪತ್ರೆಯಿಂದ ಬಂದ ಮೇಲೆ, ಕೆಲಸವಿಲ್ಲದೆ ಕೂತಾಗ.

ಈಗ ಸುರಂಗದ ವಿಷಯ. ವಿಲಾರ್ ನೋತ್ರ್ ದಾಮ್ ರಸ್ತೆಯನ್ನು ಬಂಡೆಯ ಪಕ್ಕೆಯಲ್ಲೇ ಕೊರೆದಿದ್ದಾರೆ. ನಡುವೆ ಸುರಂಗಗಳಿವೆ. ಒಳಗೆ ದೀಪವಿಲ್ಲ. ‘ಮಂದ ಬೆಳಕು’ ಕೂಡ ಅಲ್ಲ, ಏನೂ ಇಲ್ಲ. ನಮ್ಮಲ್ಲೂ ಲೈಟ್ ಇರಲಿಲ್ಲ. ಹಗಲು ಹನ್ನೊಂದು ಗಂಟೆಗೆ ಲೈಟ್ ಯಾಕೆ ಅಂತ ನಾನೇ ಅಂಗಡಿಯಲ್ಲಿ ಬೇಡ ಅಂದಿದ್ದೆ. ಅಂಗಡಿಯವನೂ ‘ಯಾವ ಕಡೆ ಹೋಗ್ತೀರಿ’ ಅಂತ ಒಂದು ಮಾತು ಕೇಳಲಿಲ್ಲ.

ಸುಡುಬಿಸಿಲಿನಿಂದ ಒಳಗೆ ನುಗ್ಗಿದೆ, ಕಣ್ಣಿಗೆ ಕಪ್ಪು ಕನ್ನಡಕ ಬೇರೆ. ಹತ್ತು ಪೆಡಲ್ ತುಳಿಯುವಷ್ಟರಲ್ಲಿ ಕೈ ಕಾಣುತ್ತಿಲ್ಲ, ಹ್ಯಾಂಡಲ್ ಕಾಣುತ್ತಿಲ್ಲ. ಮೇಲಿಂದ ತಣ್ಣನೆ ನೀರು ಕುತ್ತಿಗೆಗೆ ತೊಟ್ಟಿಕ್ಕುತ್ತಿದೆ. ಆಮೇಲೆ ಆಗಿದ್ದು ನಾನು ಎಣಿಸದೇ ಇದ್ದದ್ದು. ಕತ್ತಲಲ್ಲಿ ಸೈಕಲ್ ನೆಟ್ಟಗಿದೆಯೋ ವಾಲಿದೆಯೋ ಅನ್ನುವುದೇ ಗೊತ್ತಾಗುವುದಿಲ್ಲ. ನಾವು ಸಮತೋಲ ಹಿಡಿಯುವುದರಲ್ಲಿ ಕಣ್ಣಿನ ಪಾಲೂ ದೊಡ್ಡದು. ಕಡಿದಾದ ಏರಲ್ಲಿ ನಡೆಯುವ ವೇಗದಲ್ಲಿ ಹೋಗುತ್ತಿದ್ದವನು ಪಕ್ಕಕ್ಕೆ ವಾಲಿದೆ. ಶೂ ಪೆಡಲಿಗೆ ಕಚ್ಚಿಕೊಂಡಿತ್ತು, ಬಿಡಿಸಿಕೊಳ್ಳಲು ಆಗಲಿಲ್ಲ. ಭುಜ ಹೋಗಿ ಬಂಡೆಗೆ ಬಡಿಯಿತು. ಪುಣ್ಯಕ್ಕೆ ಬಂಡೆಯ ಕಡೆಗೆ ಬಿದ್ದೆ.

ಹಾಗೆ ಬಿದ್ದಿರುವಾಗಲೇ ಮೇಲಿಂದ ಒಂದು ಗಾಡಿಯ ಸದ್ದು. ಸುರಂಗದಲ್ಲಿ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯುವುದೇ ಇಲ್ಲ, ಎಲ್ಲ ಕಡೆಯಿಂದಲೂ ಬರುತ್ತದೆ. ಗೆಳೆಯ ಕಿರುಚುತ್ತಿದ್ದ, “ಲೋ, ಗೋಡೆಗೆ ಅಂಟ್ಕೊಳೋ! ಅಂಟ್ಕೊಳೋ!” ಮೊಬೈಲ್ ಟಾರ್ಚ್ ಹಾಕಿ ಕೈ ಮೇಲೆತ್ತಿ ಬೀಸಿದ. ವ್ಯಾನಿನವನಿಗೆ ಅದು ಕಾಣಿಸಿ ನಿಲ್ಲಿಸಿದ. ಅವನ ಹೆಡ್‌ಲೈಟ್ ಬೆಳಕಲ್ಲಿ ನೋಡಿದೆ. ನನ್ನ ಮುಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು ಬಿದ್ದಿತ್ತು.

ಅಲ್ಲಿಂದಲೇ ವಾಪಸ್ ಬರಬೇಕಿತ್ತು. ಆದರೆ ಅದೇ ಸುರಂಗದಲ್ಲಿ ಇಳಿಯುವುದಕ್ಕೆ ಹೆದರಿಕೆ. ಮುಂದೆ ಹೋದರೆ ಬೇರೆ ದಾರಿ ಇದೆಯಲ್ಲ ಅಂದುಕೊಂಡೆವು. ಉಳಿದ ಸುರಂಗಗಳನ್ನು ಟಾರ್ಚ್ ಹಿಡಿದು, ಸೈಕಲ್ ತಳ್ಳಿಕೊಂಡು ದಾಟಿದೆವು.

ವಿಲಾರ್ ನೋತ್ರ್ ದಾಮ್ ಚಂದದ ಹಳ್ಳಿ, ಸುಳ್ಳು ಹೇಳಬಾರದು. ಬೆರಳೆಣಿಕೆಯ ಮನೆಗಳು, ಎದುರಿಗೆ ಹಿಮದ ಬೆಟ್ಟಗಳು. ಆದರೆ ಊರು ಮುಗಿದಲ್ಲಿಗೆ ಡಾಂಬರೂ ಮುಗಿಯುತ್ತದೆ.

“ಇದು ರಸ್ತೆನೇನೋ?” ಅಂದ ಗೆಳೆಯ.

“ಆಪ್‌ನಲ್ಲಿ ಗೆರೆ ಇದೆ ಮಗಾ.”

ಗೆರೆ ಇದ್ದದ್ದು ನಿಜ. ದೊಡ್ಡದು ಮಾಡಿ ನೋಡಿದ್ದರೆ ಅಲ್ಲಿ ಅದು ಚುಕ್ಕೆ ಗೆರೆಯಾಗಿರುವುದು ಕಾಣುತ್ತಿತ್ತು. ಇಂಥ ಕೆಲವು ಆಪ್‌ಗಳು ಜನ ಎಲ್ಲಿ ಜಾಸ್ತಿ ಓಡಾಡಿದ್ದಾರೆ ಅಂತ ನೋಡಿ ದಾರಿ ಹೆಣೆಯುತ್ತವೆ. ಓಡಾಡಿದವರು ದಪ್ಪ ಟೈರಿನ ಮೌಂಟನ್ ಬೈಕಿನವರೋ, ನಮ್ಮ ಹಾಗೆ 25 ಮಿಲಿಮೀಟರ್ ಟೈರಿನವರೋ ಅಂತ ವಿಚಾರಿಸುವುದಿಲ್ಲ. ಕೋಲ್ ದು ಸೊಲ್ಯೂದ್ ಇರುವುದು 1680 ಮೀಟರಿನಲ್ಲಿ. ಅಲ್ಲಿಯವರೆಗೂ ಜಲ್ಲಿಕಲ್ಲಿನ ದಾರಿ, ಒಂದು ಪಕ್ಕ ಪ್ರಪಾತ, ತಡೆಗೋಡೆ ಇಲ್ಲ. ಹಿಂದಿನ ಚಕ್ರ ಪಂಕ್ಚರ್ ಆಯಿತು. ಇದ್ದ ಒಂದೇ ಟ್ಯೂಬನ್ನು ಹಾಕಿದೆವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆ ಹೊತ್ತಿಗೆ ನೀರೂ ಮುಗಿದಿತ್ತು. ಒಂದೂವರೆ ಗಂಟೆ ಒಬ್ಬ ನರಪಿಳ್ಳೆ ಎದುರಾಗಲಿಲ್ಲ. ಶಾಂತ ರಸ್ತೆ ಬೇಕು ಅಂದಿದ್ದೆವಲ್ಲ, ಸಿಕ್ಕಿತ್ತು.

ವಿಲಾರ್ ರೇಮೋಂ ತಲುಪಿ ಮತ್ತೆ ಡಾಂಬರು ಕಂಡಾಗ ಮುತ್ತಿಡಬೇಕು ಅನ್ನಿಸಿತು. ಕೈ ಮುರಿದಿದ್ದು ಆ ಡಾಂಬರಿನ ಮೇಲೆಯೇ.

ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಯಾಕೆಂದರೆ ಇದು ನಮ್ಮ ಕಡೆಯಿಂದ ಹೋದವರಿಗೇ ಆಗುವಂಥದ್ದು. ನಮ್ಮಲ್ಲಿ ಸೈಕಲ್ಲಿನ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಉಲ್ಟಾ. ಊರೊಳಗೆ ಓಡಾಡುವಾಗ ಗೊತ್ತೇ ಆಗುವುದಿಲ್ಲ. ಅಲ್ಲಿ ಬೇಸಿಗೆಯಲ್ಲಿ ರಸ್ತೆ ರಿಪೇರಿಗೆ ಡಾಂಬರಿನ ಮೇಲೆ ಸಣ್ಣ ಜಲ್ಲಿ ಎರಚಿ, ವಾಹನ ಓಡಾಡಿಯೇ ಅದು ಕೂರಲಿ ಅಂತ ಬಿಟ್ಟುಬಿಡುತ್ತಾರೆ. ‘ಗ್ರಾವಿಯೋಂ’ ಅಂತ ಬೋರ್ಡ್ ಇರುತ್ತದೆ. ತಿರುವಿನಲ್ಲಿ ಅಂಥ ಜಲ್ಲಿ ಕಂಡಿತು. ಚಿಕ್ಕಂದಿನಿಂದ ಕಲಿತ ಬುದ್ಧಿ: ಜಾರುವ ಕಡೆ ಮುಂದಿನ ಬ್ರೇಕ್ ಮುಟ್ಟಬಾರದು, ಹಿಂದಿನದನ್ನೇ ಹಿಡಿಯಬೇಕು. ಎಡಗೈಯಲ್ಲಿ ಗಟ್ಟಿಯಾಗಿ ಒತ್ತಿದೆ. ಹಿಡಿದದ್ದು ಮುಂದಿನ ಚಕ್ರ. ಮರುಕ್ಷಣ ನಾನು ರಸ್ತೆಯ ಮೇಲೆ ಅಂಗೈ ಊರಿ ಬಿದ್ದಿದ್ದೆ. ಹೆಬ್ಬೆರಳಿನ ಬುಡದಲ್ಲಿ ‘ಟಕ್’ ಅಂದದ್ದು ಕೇಳಿಸಿತು.

ವಯಸ್ಸಾದ ದಂಪತಿ ಕಾರಿನಲ್ಲಿ ಬಂದರು. ಆಕೆ ತನ್ನ ಸ್ಕಾರ್ಫ್ ಬಿಚ್ಚಿ ಕೈಗೆ ತೂಗುಪಟ್ಟಿ ಕಟ್ಟಿದರು. ಆತ ನನ್ನ ಟೈರನ್ನು ಬೆರಳಲ್ಲಿ ಒತ್ತಿ ನೋಡಿ, ತಲೆಯಾಡಿಸಿ ಏನೋ ಅಂದರು. ಭಾಷೆ ಬರದಿದ್ದರೂ ಅರ್ಥವಾಯಿತು. ಅವತ್ತು ಭಾನುವಾರ, ಕೆಳಗೆ ಊರಲ್ಲಿ ಎಲ್ಲ ಬಾಗಿಲು ಹಾಕಿತ್ತು. ಆಸ್ಪತ್ರೆಗೆ ಗ್ರೆನೋಬ್ಲ್‌ಗೇ ಹೋಗಬೇಕಾಯಿತು. ಸೈಕಲ್ ಅಂಗಡಿಯವನು ಸೊಟ್ಟಗಾದ ರಿಮ್ ತೋರಿಸಿ ಮುಂಗಡದಲ್ಲಿ ಒಳ್ಳೆಯ ಮೊತ್ತವನ್ನೇ ಹಿಡಿದುಕೊಂಡ. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ.

ಕಣಿವೆಗೆ ಹೋಗಲೇಬೇಡಿ ಅನ್ನುತ್ತಿಲ್ಲ. ಗದ್ದಲವಿಲ್ಲದ ಒಳ್ಳೆಯ ದಾರಿಗಳಿವೆ. ಬೂರ್ ದ್ವಾಜಾನ್‌ನಿಂದ ಅಲ್ಮೋಂ ಕಡೆಗೆ ಕಣಿವೆಯ ನೆಲದಲ್ಲೇ ಸಪಾಟಾಗಿ ಹೋಗಬಹುದು, ಮೊದಲ ದಿನ ಅದೇ ಸಾಕು. ಏರು ಬೇಕು ಅಂದರೆ ಕೋಲ್ ದೋರ್ನೋಂ ಇದೆ. 1371 ಮೀಟರ್, ಪೂರ್ತಿ ಡಾಂಬರು, ಆಲ್ಪ್ ದ್ಯುಯೆಜ್‌ನಷ್ಟು ಕಡಿದಲ್ಲ. ಹೋದ ದಾರಿಯಲ್ಲೇ ವಾಪಸ್ ಬನ್ನಿ, ಸುತ್ತು ಹೊಡೆಯುವ ಆಸೆ ಬೇಡ. ಆಲ್ಪ್ ದ್ಯುಯೆಜ್‌ನ ಹಿಂದಿರುವ ಕೋಲ್ ದ ಸಾರೆನ್ ಘಾಟಿಯ ಬಗ್ಗೆ ಯಾರಾದರೂ ಹೇಳಿದರೆ ಅದರ ಆಚೆಯ ಇಳಿಜಾರಿನ ಬಗ್ಗೆಯೂ ಕೇಳಿ. 2013ರ ಟೂರ್ ಡಿ ಫ್ರಾನ್ಸ್‌ನಲ್ಲಿ ಅದನ್ನು ಸೇರಿಸಿದಾಗ ಅಂಥಾ ಸವಾರರೇ ಅಪಾಯ ಅಂತ ತಕರಾರು ತೆಗೆದಿದ್ದರು.

ವಿಲಾರ್ ನೋತ್ರ್ ದಾಮ್‌ಗೆ ಹೋಗಲೇಬೇಕು ಅನ್ನುವವರು ಹಿಂದೆ ಮುಂದೆ ಲೈಟ್, ದಪ್ಪ ಟೈರು, ಎರಡು ಟ್ಯೂಬ್ ಇಟ್ಟುಕೊಳ್ಳಿ. ಸುರಂಗದ ಬಾಯಲ್ಲಿ ನಿಂತು ಕಪ್ಪು ಕನ್ನಡಕ ತೆಗೆಯಿರಿ. ಹಳ್ಳಿಯ ತೊಟ್ಟಿಯ ನಲ್ಲಿಯ ಮೇಲೆ ‘ನೋಂ ಪೊತಾಬ್ಲ್’ ಅಂತಿದ್ದರೆ ಆ ನೀರು ಕುಡಿಯುವಂಥದ್ದಲ್ಲ. ತುರ್ತಿಗೆ 112. ಬಾಡಿಗೆಗೆ ತೆಗೆದುಕೊಳ್ಳುವಾಗ ‘ಫ್ರ್ಯಾಂ ಅವಾಂ ಆ ದ್ರ್ವಾತ್’ ಅಂತ ಹೇಳಿ, ಮುಂದಿನ ಬ್ರೇಕು ಬಲಗಡೆಗೆ ಅಂತ ಅರ್ಥ. ಬದಲಾಯಿಸಿಕೊಟ್ಟ ಮೇಲೆ ಅಂಗಡಿಯ ಮುಂದೆಯೇ ಸೈಕಲ್ ತಳ್ಳಿಕೊಂಡು ಒಂದೊಂದೇ ಬ್ರೇಕ್ ಹಿಡಿದು, ಯಾವ ಚಕ್ರ ನಿಲ್ಲುತ್ತದೆ ಅಂತ ನೋಡಿಕೊಳ್ಳಿ.