ಮಸ್ಟಾಂಗ್ ಜಿಟಿಗೆ ಯಾವುದು ಸರಿ: ಸೆಂಟ್ರಿಫ್ಯೂಗಲ್ಲೋ, ರೂಟ್ಸೋ?

ಎರಡು ಕಾರು, ಎರಡೂ 2018ರ ಫೋರ್ಡ್ ಮಸ್ಟಾಂಗ್ ಜಿಟಿ, ಎರಡೂ ಆರು ಗೇರಿನ ಮ್ಯಾನುಯಲ್. ಒಂದು ನನ್ನದು, ಇನ್ನೊಂದು ಇಲ್ಲೇ ಡೆಟ್ರಾಯಿಟ್ ಪಕ್ಕದಲ್ಲಿರುವ ಗೆಳೆಯನದು. ಕಂಪನಿಯಿಂದ ಬರುವಾಗಲೇ ಈ 5.0 ಲೀಟರ್ ಕೊಯೋಟಿ ವಿ8 ಎಂಜಿನ್ 460 ಕುದುರೆಶಕ್ತಿ ಕೊಡುತ್ತದೆ. ಸಾಲದಾ ಅಂತ ಕೇಳಿದರೆ ಉತ್ತರ ಇಲ್ಲ. ನಾನು ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಹಾಕಿಸಿದೆ, ಅವನು 2.65 ಲೀಟರಿನ ರೂಟ್ಸ್ ಮಾದರಿಯದು. ಆಗಾಗ ಕೀಲಿ ಅದಲು ಬದಲು ಮಾಡಿಕೊಂಡು ಓಡಿಸುತ್ತೇವೆ.

ಎರಡನ್ನೂ ತಿರುಗಿಸುವುದು ಕ್ರ್ಯಾಂಕಿನಿಂದ, ಅಂದರೆ ಎಂಜಿನ್ನಿನ ಮುಖ್ಯ ತಿರುಗುದಂಡದಿಂದ, ಬರುವ ಬೆಲ್ಟೇ. ರೂಟ್ಸ್‌ನಲ್ಲಿ ಎರಡು ರೋಟರ್ ಇರುತ್ತವೆ, ಪ್ರತಿ ಸುತ್ತಿಗೂ ಇಷ್ಟು ಗಾಳಿ ಅಂತ ಅಳೆದು ತಳ್ಳುತ್ತವೆ. ಹಾಗಾಗಿ ಆಕ್ಸಿಲರೇಟರ್ ತುಳಿದ ತಕ್ಷಣ ಬೂಸ್ಟ್, ಅಂದರೆ ತುಂಬಿದ ಗಾಳಿಯ ಹೆಚ್ಚುವರಿ ಒತ್ತಡ, ಹಾಜರ್. ಸೆಂಟ್ರಿಫ್ಯೂಗಲ್ ಕೂರುವುದು ಎಂಜಿನ್ನಿನ ಮುಂದೆ ಒಂದು ಪಕ್ಕಕ್ಕೆ, ನೋಡೋಕೆ ಬಸವನಹುಳುವಿನ ಚಿಪ್ಪು. ಒಳಗಿನ ಗೇರು ವೇಗವನ್ನು ನಾಲ್ಕು ಪಟ್ಟಿನಷ್ಟು ಹೆಚ್ಚಿಸುತ್ತದೆ. ಕ್ರ್ಯಾಂಕ್ ಪುಲ್ಲಿ 7 ಇಂಚು, ಸೂಪರ್‌ಚಾರ್ಜರಿನದು 3.5 ಇಂಚು ಅಂದುಕೊಳ್ಳಿ, ಅಲ್ಲೇ ವೇಗ ಇನ್ನೆರಡು ಪಟ್ಟು. ಎಂಜಿನ್ 7,000 ಆರ್‌ಪಿಎಂ ಮುಟ್ಟಿದಾಗ ಒಳಗಿನ ಚಕ್ರ ನಿಮಿಷಕ್ಕೆ 56,000 ಸುತ್ತು ಹಾಕುತ್ತಿರುತ್ತದೆ!

ಆದರೆ ಇದರ ಬೂಸ್ಟ್ ಏರುವುದು ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ. 7,000ದಲ್ಲಿ 8 ಪಿಎಸ್‌ಐ (ಒತ್ತಡದ ಅಳತೆ) ಇದ್ದರೆ 3,500ರಲ್ಲಿ ಸಿಗೋದು ಬರೀ 2. ಇಡೀ ಹೋಲಿಕೆ ನಿಂತಿರೋದೇ ಈ ಲೆಕ್ಕದ ಮೇಲೆ.

ಗೆಳೆಯನ ಕಾರಿನಲ್ಲಿ ಎರಡನೇ ಗೇರ್, 2,500 ಆರ್‌ಪಿಎಂ. ಕಾಲು ಸ್ವಲ್ಪ ಜೋರಾಗಿ ಒತ್ತಿದರೆ ಹಿಂದಿನ ಟೈರು ಸುತ್ತಿ, ಟ್ರ್ಯಾಕ್ಷನ್ ಕಂಟ್ರೋಲಿನ ದೀಪ ಮಿಣಮಿಣ ಅನ್ನುತ್ತದೆ. ಅಕ್ಟೋಬರಿನ ಚಳಿ ಬೆಳಗಿನಲ್ಲಂತೂ ನೇರವಾಗಿ ಹೋಗೋದೇ ಕಷ್ಟ. ಮಜಾ ಇದೆ, ಇಲ್ಲ ಅನ್ನಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವರಿಗೆ ಇದಕ್ಕಿಂತ ಬೇರೆ ಬೇಡ. ನನ್ನದು 4,000ದವರೆಗೆ ಸೂಪರ್‌ಚಾರ್ಜರ್ ಇದೆ ಅಂತಲೇ ಗೊತ್ತಾಗಲ್ಲ. 5,000 ದಾಟಿದ ಮೇಲೆ ಮಾತ್ರ ಹಿಂದಿನಿಂದ ಯಾರೋ ದಬ್ಬಿದ ಹಾಗೆ, ಕೆಂಪು ಗೆರೆವರೆಗೂ ಬಿಡೋದೇ ಇಲ್ಲ. ಐ-75ಕ್ಕೆ ಸೇರುವ ರ‍್ಯಾಂಪಿನಲ್ಲಿ ಮೂರನೇ ಗೇರ್ ಹಾಕಿ ನೋಡಬೇಕು. ಶಕ್ತಿ ಮೆಲ್ಲಗೆ ಏರುವುದರಿಂದ ಟೈರು ಹಿಡಿತ ಬಿಡಲ್ಲ.

ಬಿಸಿಯ ವಿಷಯದಲ್ಲಿ ನನ್ನದೇ ಮೇಲು. ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ಹಳೆ ಕಾರುಗಳ ಮೆರವಣಿಗೆ ಇರುತ್ತದಲ್ಲ, ಆವಾಗ ಆಮೆ ನಡಿಗೆಯಲ್ಲಿ ಹೋಗುತ್ತಾ ಇಬ್ಬರೂ ಒಳಹೋಗುವ ಗಾಳಿಯ ತಾಪ ನೋಡಿಕೊಂಡೆವು. ಅವನದು 140 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಬಿಸಿ ಎಂಜಿನ್ನಿನ ಮೇಲೇ ಕೂತಿದೆ, ತಂಪು ಮಾಡುವ ನೀರೂ ಕಾಯುತ್ತದೆ, ಏನು ಮಾಡ್ತೀರಿ? ಒಳಹೋಗುವ ಗಾಳಿ ತಣಿಸುವ ನನ್ನ ಇಂಟರ್‌ಕೂಲರ್ ಬಂಪರ್ ಹಿಂದೆ ಇದೆ, ಗಾಳಿಯಿಂದಲೇ ತಣಿಯುತ್ತದೆ. ಕಾರು ಓಡತೊಡಗಿದ ಸ್ವಲ್ಪ ಹೊತ್ತಿಗೇ ತಾಪ ಇಳಿಯಿತು.

ಕೂರಿಸುವ ಕೆಲಸದಲ್ಲೂ ವ್ಯತ್ಯಾಸ ಇದೆ. ರೂಟ್ಸ್‌ಗೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳು) ಪೂರ್ತಿ ಬಿಚ್ಚಬೇಕು, ನೀರಿಗೆ ಬೇರೆ ಪಂಪು, ಮುಂದೆ ಇನ್ನೊಂದು ರೇಡಿಯೇಟರ್. ಸೆಂಟ್ರಿಫ್ಯೂಗಲ್‌ನಲ್ಲಿ ಮ್ಯಾನಿಫೋಲ್ಡ್ ಮುಟ್ಟೋದೇ ಬೇಡ, ಬಂಪರ್ ಕಳಚಿ ಬ್ರ್ಯಾಕೆಟ್ ಕೂರಿಸಿದರೆ ಅರ್ಧ ಕೆಲಸ ಮುಗೀತು. ಆದರೆ ಆ ಬ್ರ್ಯಾಕೆಟ್ಟೇ ಇದರ ಪ್ರಾಣ. ನನಗೆ ಹಾಕಿಕೊಟ್ಟ ಗ್ಯಾರೇಜಿನವರು ಒಂದು ಸ್ಪೇಸರ್ (ನಡುವೆ ಅಂತರ ಕೊಡುವ ಬಿಲ್ಲೆ) ತಪ್ಪಾಗಿ ಹಾಕಿದ್ದರು. 6,000ದವರೆಗೆ ಏರಿದ ಬೂಸ್ಟ್ ಅಲ್ಲಿಂದ ಮೇಲೆ ಏರದೆ ನಿಂತುಬಿಡುತ್ತಿತ್ತು. ಸೆಂಟ್ರಿಫ್ಯೂಗಲ್‌ನಲ್ಲಿ ಹಾಗಾದರೆ ಮೊದಲ ಅನುಮಾನ ಬೆಲ್ಟ್ ಜಾರುತ್ತಿದೆ ಅಂತ. ಬಾನೆಟ್ ಎತ್ತಿದರೆ ಪುಲ್ಲಿ ಸುತ್ತ ಬೆಲ್ಟ್ ಸವೆದ ನುಣ್ಣನೆ ಕಪ್ಪು ಪುಡಿ. ಎರಡು ಪುಲ್ಲಿಗೂ ಸೇರಿಸಿ ಒಂದು ಸ್ಟೀಲ್ ಸ್ಕೇಲ್ ಹಿಡಿದಾಗ ಒಂದು ಕಡೆ ಬೆಳಕು ತೂರಿ ಬಂತು. ಸ್ಪೇಸರ್ ಸರಿ ಮಾಡಿದ ಮೇಲೆ ಪುಡಿಯೂ ನಿಂತಿತು, ಬೂಸ್ಟೂ ಮೇಲಕ್ಕೆ ಹೋಯಿತು.

ಸುಮ್ನೆ ಹೇಳ್ತೀನಿ, ಇದು ಹೊಸ ಹುಚ್ಚೇನಲ್ಲ. 1957ರಲ್ಲೇ ಫೋರ್ಡ್ ಥಂಡರ್‌ಬರ್ಡ್‌ಗೆ ಮೆಕಲಕ್ ಕಂಪನಿಯ ಸೆಂಟ್ರಿಫ್ಯೂಗಲ್ ಹಾಕಿ 300 ಕುದುರೆಶಕ್ತಿ ತೆಗೆದಿದ್ದರು.

ದಿನಾ ಆಫೀಸಿಗೆ ಓಡಿಸುವವರು, ಆಟೋಮ್ಯಾಟಿಕ್ ಇರುವವರು ರೂಟ್ಸ್ ತಗೊಳ್ಳಿ. ಮ್ಯಾನುಯಲ್ ಇದ್ದು, ಎಂಜಿನ್ನನ್ನು ಮೇಲಿನವರೆಗೂ ಎಳೆಯುವ ಚಟ ಇದ್ದರೆ ಸೆಂಟ್ರಿಫ್ಯೂಗಲ್. ಕ್ಯಾಲಿಫೋರ್ನಿಯಾದಲ್ಲಿದ್ದರೆ ಕಿಟ್ ಕೊಳ್ಳುವ ಮೊದಲು ಅದಕ್ಕೆ ಅಲ್ಲಿನ ವಾಯು ಮಂಡಳಿಯ ಒಪ್ಪಿಗೆ ಸಂಖ್ಯೆ ಇದೆಯಾ ನೋಡಿಕೊಳ್ಳಿ. ಅಲ್ಲಿ ಬಂಕ್‌ನಲ್ಲಿ ಸಿಗೋದು 91 ಆಕ್ಟೇನ್ ಪೆಟ್ರೋಲು, ನಮಗಿಲ್ಲಿ 93. ಆಕ್ಟೇನ್ ಕಡಿಮೆಯಾದಷ್ಟೂ ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಳ್ಳುವ ಭಯ ಜಾಸ್ತಿ. ಈ ಎಂಜಿನ್ನಿನ ಕಂಪ್ರೆಷನ್ 12:1 ಆದ್ದರಿಂದ ಟ್ಯೂನ್ ಮಾಡುವವರು ಅಲ್ಲಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಇನ್ನಷ್ಟು ಹಿಂದಕ್ಕೆ ತರಬೇಕಾಗುತ್ತದೆ, ಶಕ್ತಿಯೂ ಕಡಿಮೆಯಾಗುತ್ತದೆ. ಇನ್ನೂ ಚಿಕ್ಕ ಪುಲ್ಲಿ ಹಾಕಿ ಬೂಸ್ಟ್ ಜಾಸ್ತಿ ಮಾಡುವ ಆಸೆ ಬಂದರೆ, ಯಾವ ಮಾದರಿಯೇ ಇರಲಿ, ಮೊದಲು ಆಯಿಲ್ ಪಂಪಿನ ಗೇರುಗಳನ್ನು ಗಟ್ಟಿ ಉಕ್ಕಿನವಕ್ಕೆ ಬದಲಾಯಿಸಿ. ಕಂಪನಿಯವು ಲೋಹದ ಪುಡಿ ಒತ್ತಿ ಮಾಡಿದವು. ಅವು ಒಡೆದರೆ ಆಯಿಲ್ ಪ್ರೆಷರ್ ಹೋಗುತ್ತದೆ, ಹಿಂದೆಯೇ ಎಂಜಿನ್ನೂ.