ಮಳೆಗಾಲದಲ್ಲಿ ಮುಂಬಾಗಿಲಿಗೆ ಕೆಂಪು ಬಣ್ಣ ಹೊಡೆಸುವ ಮುನ್ನ

ಕರಾವಳಿಯಲ್ಲಿ ಮನೆ ಇರುವವರಲ್ಲಿ ಒಂದು ವಿನಂತಿ. ಚೌತಿ ಬಂತು, ಮನೆಗೆ ನೆಂಟರು ಬರುತ್ತಾರೆ ಎಂದು ಶ್ರಾವಣದ ಮಳೆಯ ನಡುವೆ ಮುಂಬಾಗಿಲಿಗೆ ಎಣ್ಣೆಬಣ್ಣ ಹೊಡೆಸಬೇಡಿ. ‘ಒಂದು ದಿನ ಹೊಳವಾದರೆ ಸಾಕು, ಮುಗಿಸಿಕೊಡುತ್ತೇವೆ’ ಎನ್ನುವವರನ್ನು ಅಂಗಳದಿಂದಲೇ ಹಿಂದೆ ಕಳಿಸಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿದರೆ ಯಾಕೆಂದು ತಿಳಿಯುತ್ತದೆ.

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಮುಂಬಾಗಿಲು ಹಲಸಿನ ಮರದ್ದು, ಅಜ್ಜನ ಕಾಲದ್ದು. ಅದಕ್ಕೆ ಒಳ್ಳೆಯ ಕೆಂಪು ಬಣ್ಣ ಹೊಡೆಸಿ ಸಿಂಗರಿಸಬೇಕೆಂಬುದು ಅಮ್ಮನ ಬಹುದಿನದ ಆಸೆ. ಒಪ್ಪಿಕೊಂಡು ಬಂದ ಗುತ್ತಿಗೆದಾರ ಬಾಗಿಲನ್ನು ಚೌಕಟ್ಟಿನಿಂದ ಬಿಚ್ಚಲೇ ಇಲ್ಲ. ಮರದ ಬಿರುಕುಗಳಿಗೆ ಗೋಡೆಯ ಪುಟ್ಟಿಯನ್ನು ಮೆತ್ತಿದ. ಬಣ್ಣಕ್ಕೆ ಮುನ್ನ ಹಚ್ಚುವ ತಳಪದರ, ಅಂದರೆ ಪ್ರೈಮರ್, ಎಲ್ಲಿ ಎಂದು ಕೇಳಿದರೆ ‘ಹಳೆಯ ಬಣ್ಣ ಇದೆಯಲ್ಲ, ಅದೇ ಸಾಕು’ ಎಂದ. ಡಬ್ಬಿಗೆ ಸೀಮೆಎಣ್ಣೆ ಸುರಿದು ತೆಳು ಮಾಡಿಕೊಂಡು ಬೆಳಿಗ್ಗೆ ಒಂದು ಕೋಟ್, ಮಧ್ಯಾಹ್ನ ಇನ್ನೊಂದು ಕೋಟ್ ಎಳೆದ. ಮೇಲೆ ಬಂಗಾರದ ಬಣ್ಣದಲ್ಲಿ ಕಮಲದ ಅಚ್ಚು, ಅದರ ಸುತ್ತ ಹಿತ್ತಾಳೆಯ ಹೂಗಳು. ಆ ಹೂಗಳನ್ನು ಕೂರಿಸಿದ್ದು ಕಬ್ಬಿಣದ ಮೊಳೆಗಳಿಂದ. ಸಂಜೆ ದೀಪ ಹಚ್ಚಿದಾಗ ಬಾಗಿಲು ಲಕಲಕ ಹೊಳೆಯುತ್ತಿತ್ತು. ಪೂರ್ತಿ ಹಣ ಎಣಿಸಿಕೊಂಡು ಹೋದವನು ಆಮೇಲೆ ಫೋನ್ ಎತ್ತಲಿಲ್ಲ.

ಎನಾಮೆಲ್, ಅಂದರೆ ಈ ಎಣ್ಣೆಬಣ್ಣ, ಬಟ್ಟೆ ಒಣಗುವ ಹಾಗೆ ಒಣಗುವುದಿಲ್ಲ. ಮೊದಲು ಬಣ್ಣವನ್ನು ತೆಳುವಾಗಿಡುವ ದ್ರಾವಕ ಹಾರಿಹೋಗಬೇಕು, ಬಳಿಕ ಅದರಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗಬೇಕು. ತಂಪು, ತೇವ ಇದ್ದಾಗ ಈ ಕೆಲಸ ತೀರ ನಿಧಾನ. ಅಡಿಯ ಕೋಟ್ ಹಸಿಯಾಗಿರುವಾಗಲೇ ಮೇಲೊಂದು ಎಳೆದರೆ ದ್ರಾವಕ ಒಳಗೇ ಸಿಕ್ಕಿಕೊಳ್ಳುತ್ತದೆ. ಚೌತಿಯ ಹೊತ್ತಿಗೂ ನಮ್ಮ ಬಾಗಿಲು ಅಂಟಂಟಾಗಿಯೇ ಇತ್ತು. ರಾತ್ರಿ ಚೌಕಟ್ಟಿಗೆ ಅಂಟಿಕೊಂಡದ್ದನ್ನು ಬೆಳಿಗ್ಗೆ ಎಳೆದು ತೆರೆದರೆ ಅಂಚಿನ ಬಣ್ಣ ಪಟ್ಟಿಪಟ್ಟಿಯಾಗಿ ಕಿತ್ತು ಬಂತು. ಪೂಜೆಗೆ ಬಂದ ಅತ್ತೆಯ ಹೊಸ ಸೀರೆಯ ಸೆರಗಿಗೆ ಕೆಂಪು ಮೆತ್ತಿತು. ಅಮ್ಮ ಆ ದಿನವಿಡೀ ಮಂಕಾಗಿದ್ದರು.

ದಸರಾ ಕಳೆದು ಬಿಸಿಲು ಬಿದ್ದ ಮೇಲೆ ಗುಳ್ಳೆಗಳು ಎದ್ದವು. ಕೆಳಗಿನ ಹಲಗೆಯಲ್ಲಿ ಹುಣಸೆಬೀಜದಷ್ಟು ದಪ್ಪದ ಗುಳ್ಳೆಗಳು. ಒಂದನ್ನು ಉಗುರಿನಿಂದ ಒತ್ತಿದೆ. ಬಣ್ಣದ ಸಿಪ್ಪೆ ಮೆತ್ತಗೆ ಬಿಚ್ಚಿಕೊಂಡು, ಒಳಗಿನಿಂದ ಒಂದು ಹನಿ ನೀರು ಬೆರಳಿಗೆ ಇಳಿಯಿತು. ಅಡಿಯಲ್ಲಿ ಹಳೆಯ ಹಸಿರು ಬಣ್ಣ, ಅದರಡಿಯಲ್ಲಿ ಕಪ್ಪಿಟ್ಟ ಮರ. ಮಳೆಗಾಲವಿಡೀ ತೇವ ಹೀರಿದ ಮರದ ಬಾಯಿ ಮುಚ್ಚಿದರೆ ಬಿಸಿಲಿಗೆ ಒಳಗಿನ ನೀರು ಆವಿಯಾಗಿ ಬಣ್ಣವನ್ನೇ ಎತ್ತುತ್ತದೆ. ಗೋಡೆಯ ಪುಟ್ಟಿ ಸಿಮೆಂಟಿನದು. ಮರ ಹಿಗ್ಗಿ ಕುಗ್ಗಿದಂತೆ ಅದು ಬಾಗುವುದಿಲ್ಲ, ಚೂರುಚೂರಾಗಿ ಉದುರಿತು. ಉಪ್ಪುಗಾಳಿಯಲ್ಲಿ ಹಿತ್ತಾಳೆಗೆ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿ ಹೂವಿನಿಂದಲೂ ಕಂದು ನೀರಿನ ಗೆರೆ ಇಳಿದಿತ್ತು.

ಇಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗುತ್ತಿದ್ದೆ. ನನಗೆ ಇಂದಿಗೂ ಸಿಟ್ಟು ಬರುವುದು ಆ ಧೂಳಿನ ವಿಷಯಕ್ಕೆ. ಹಳೆಯ ಬಣ್ಣವನ್ನು ಆ ಗುತ್ತಿಗೆದಾರ ಜಗುಲಿಯಲ್ಲೇ, ಒಣದಾಗಿಯೇ, ಮರಳು ಕಾಗದದಿಂದ ಉಜ್ಜಿದ್ದ. ತಂಗಿಯ ಮಗು ಅಲ್ಲೇ ಅಂಬೆಗಾಲಿಡುತ್ತಿತ್ತು. ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪಿನಲ್ಲಿ, ಸೀಸ ಇರುವ ಸಂಭವ ಹೆಚ್ಚು. ಮನೆಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಆ ಧೂಳು ನೆಲಕ್ಕೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ನೀರು ಹಾಕಿ ಉಜ್ಜಬೇಕು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಮಕ್ಕಳು ಮತ್ತು ಬಸುರಿಯರು ಆ ಕಡೆ ಸುಳಿಯಬಾರದು. ಕಸವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಫೆಬ್ರವರಿಯಲ್ಲಿ ಅಂಕೋಲೆಯ ಕಡೆಯ ಹಿರಿಯ ಬಡಗಿಯೊಬ್ಬರು ಬಾಗಿಲನ್ನು ಬಿಚ್ಚಿ ಅಡ್ಡ ಮಲಗಿಸಿದರು. ಮೊದಲು ತೋರಿಸಿದ್ದು ಅದರ ತಳದ ಅಂಚನ್ನು. ಬಣ್ಣದ ಒಂದು ಹನಿಯೂ ತಾಗದ ಬರಿ ಮರ. ‘ಹೊಸ್ತಿಲ ನೀರನ್ನೆಲ್ಲ ಇದೇ ಕುಡಿದದ್ದು’ ಎಂದರು. ಸಿಹಿನೀರಿನಿಂದ ಉಪ್ಪು ತೊಳೆದು, ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ, ಮೇಲಂಚು ತಳದಂಚು ಸೇರಿ ಎಲ್ಲ ಕಡೆ ಮರದ ಪ್ರೈಮರ್ ಹಚ್ಚಿದರು. ಅಡಿಯ ಬಣ್ಣ ಕಾಣದಿರಲೆಂದು ನಡುವೆ ಬೂದು ಬಣ್ಣದ ಒಂದು ಕೋಟ್. ಅದರ ಮೇಲೆ ತೆಳುವಾಗಿ ಎರಡು ಕೋಟ್ ಕೆಂಪು, ಒಂದು ಪೂರ್ತಿ ಒಣಗಿದ ಮೇಲಷ್ಟೇ ಇನ್ನೊಂದು.

ಯಾವ ಕೆಂಪು ಎಂಬುದೂ ಮುಖ್ಯ. ಹೊಳೆಯುವ ಕಡುಗೆಂಪುಗಳಲ್ಲಿ ಎಷ್ಟೋ ಪಡುವಣ ಬಿಸಿಲಿಗೆ ಬೇಗ ಗುಲಾಬಿಗೆ ತಿರುಗುತ್ತವೆ. ಕಬ್ಬಿಣದ ಆಕ್ಸೈಡಿನ ಮಣ್ಣುಗೆಂಪು ಹಾಗೆ ಮಾಸುವುದಿಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಕೆಮ್ಮಣ್ಣಿನಿಂದ ಬಿಡಿಸಿದ ಕಾವಿ ಚಿತ್ರಗಳ ಕೆಂಪನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಈ ಸಲ ಅದೇ ಜಾತಿಯ ಕೆಂಪನ್ನು ಆರಿಸಿದೆವು. ಹೂಗಳಿಗೆ ಹಿತ್ತಾಳೆಯದೇ ಸ್ಕ್ರೂ ಹಾಕಿಸಿದೆವು. ತೋರಣಕ್ಕೆ ಬಾಗಿಲಿನ ಚೌಕಟ್ಟಿಗೆ ಮೊಳೆ ಹೊಡೆಯದೆ ಗೋಡೆಯಲ್ಲಿ ಕೊಕ್ಕೆ ಕೂರಿಸಿದೆವು.

ಚೌತಿ ಹತ್ತಿರ ಬರುತ್ತಿದೆ, ಮನೆಮನೆಗೆ ಬಣ್ಣದವರು ಬರುತ್ತಾರೆ. ಬಾಗಿಲನ್ನು ಬಿಚ್ಚಿ ತಳಕ್ಕೂ ಬಣ್ಣ ಹಚ್ಚುತ್ತೀರಾ, ಹಳೆಯದನ್ನು ನೀರು ಹಾಕಿ ಉಜ್ಜುತ್ತೀರಾ ಎಂದು ಕೇಳಿ. ಹೌದು ಎಂದರೂ ಕೆಲಸವನ್ನು ದೀಪಾವಳಿ ಕಳೆದ ಮೇಲಕ್ಕೆ ಇಟ್ಟುಕೊಳ್ಳಿ. ಈ ಚೌತಿಗೆ ಮಾವಿನೆಲೆಯ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ ಧಾರಾಳವಾಗಿ ಸಾಕು.